ತಳ ಸೀಳಿದ ದೋಣಿ

ಪುಟ್ಟಮಾದಯ್ಯ ಹೆಂಡತಿಗೆ ಕೊಟ್ಟ ಮಾತು ಅಂತ ಇದ್ದದ್ದು ಒಂದೇ. ಸಂತೆಯಿಂದ ಸೀರೆ ತರುತ್ತೇನೆ, ಹಬ್ಬಕ್ಕೆ ತವರಿಗೆ ಕಳಿಸುತ್ತೇನೆ ಎಂಬಂಥವನ್ನೆಲ್ಲ ಅವನು ಬಾಯಿಗೆ ಬಂದಂತೆ ಹೇಳಿ ಮರೆಯುತ್ತಿದ್ದ. ಬೆಟ್ಟಮ್ಮನೂ ಅವನ್ನು ಲೆಕ್ಕಕ್ಕಿಡುತ್ತಿರಲಿಲ್ಲ. ಆದರೆ ಹಿರಿಮಗ ಚಿಕ್ಕಣ್ಣನನ್ನು ಮಣ್ಣು ಮಾಡಿ ಬಂದ ದಿನ, ಸೊಂಟಮಟ್ಟದ ನೀರಲ್ಲಿ ನಿಂತು, ಬೊಗಸೆಯಲ್ಲಿ ಹೊಳೆ ಹಿಡಿದು ಹೇಳಿದ ಮಾತು ಅಂಥದ್ದಲ್ಲ.

“ಇನ್ಮೇಲೆ ತೂತಿರೋ ದೋಣಿ ನನ್ನ ಅಂಗ್ಳದಿಂದ ಒಳೆಗೆ ಇಳಿಯಾಕಿಲ್ಲ ಕಣಮ್ಮಿ. ಗಂಗಮ್ಮನ ಆಣೆ.”

ಆ ಸಲ ಸಂತೆಯ ದಿನಕ್ಕೆ ದೋಣಿ ಬೇಕೆಂದು ಊರವರು ಅವಸರ ಮಾಡಿದ್ದರು. ತಳದ ಒಂದು ಸಂದಿಗೆ ಹತ್ತಿ ತುಂಬಿ ರಾಳ ಬಳಿಯುವುದು ಉಳಿದಿತ್ತು. ನಡುಹೊಳೆಯಲ್ಲಿ ಸಂದಿ ಬಾಯಿಬಿಟ್ಟಿತು. ದೊಡ್ಡವರೆಲ್ಲ ಈಜಿ ದಡ ಸೇರಿದರು. ತಂಬಿಗೆ ಹಿಡಿದು ನೀರು ಮೊಗೆದು ಹಾಕುತ್ತ ತಳದಲ್ಲೇ ಕೂತಿದ್ದ ಹುಡುಗ ಸೇರಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಕೊಡ ಹೊಯ್ಯುವ ಶಾಸ್ತ್ರ ಬಿಗಿಯಾಯಿತು. ಹೊಸ ದೋಣಿ ಮುಗಿದಾಗ ಅದನ್ನು ದಿಮ್ಮಿಗಳ ಮೇಲೆ ಕೂರಿಸಿ, ಮನೆಯ ಹಿರಿ ಹೆಂಗಸು ಒಳಕ್ಕೆ ನೀರು ಹೊಯ್ಯಬೇಕು. ಗಂಡಸರು ಕೆಳಗೆ ಮಲಗಿ ನೋಡಬೇಕು. ಒಂದು ಹನಿಯೂ ತೊಟ್ಟಿಕ್ಕದಿದ್ದರೆ ಮಾತ್ರ ದೋಣಿಯ ಮೂತಿಗೆ ಕುಂಕುಮ. ಹಿಂದೆಲ್ಲ ಎರಡು ಕೊಡಕ್ಕೆ ಮುಗಿಯುತ್ತಿದ್ದದ್ದನ್ನು ಬೆಟ್ಟಮ್ಮ ದೋಣಿ ಅರ್ಧ ತುಂಬುವ ತನಕ ಹೊಯ್ಯುತ್ತಿದ್ದಳು. ಸೊಂಟ ಬಿದ್ದೋಯ್ತದೆ ಎಂದು ಯಾರಾದರೂ ಹೇಳಿದರೆ “ಬೀಳ್ಲಿ” ಅನ್ನುತ್ತಿದ್ದಳು.

ಈಗ ಅವಳಿಗೆ ಉಳಿದವನು ಸಿದ್ದರಾಜು ಒಬ್ಬನೇ. ಮಳವಳ್ಳಿ ಕಡೆ ಬಸ್ಸು ಓಡಾಡತೊಡಗಿ, ಸೇತುವೆ ದಾಟಿ ಹೋಗುವವರೇ ಹೆಚ್ಚಾಗಿ, ದೋಣಿ ಮಾಡಿಸುವವರು ಕಮ್ಮಿಯಾದಾಗ ಅವನು ಮಂಡ್ಯದ ಸಕ್ಕರೆ ಕಾರ್ಖಾನೆಯ ಮರಗೆಲಸಕ್ಕೆ ಸೇರಿದ್ದ. ಅಲ್ಲಿ ನೀಲಿ ಕಾಗದದ ನಕ್ಷೆ ನೋಡಿ ಕೆಲಸ ಮಾಡುವುದನ್ನು ಕಲಿತ. ಕರೆಂಟಿನ ಕೆಲಸಕ್ಕೆ ಬಂದಿದ್ದ ಒಬ್ಬ ಬಿಳಿ ಇಂಜಿನಿಯರು, ಹೊಳೆದಂಡೆಯ ದೋಣಿ ಮಾಡುವ ಮನೆಯವನು ನಕ್ಷೆಯನ್ನೂ ಓದುತ್ತಾನೆ ಎಂದು ಕೇಳಿ ಹುಡುಕಿಕೊಂಡು ಬಂದ. ಕನ್ನಂಬಾಡಿ ಹಿನ್ನೀರಿನಲ್ಲಿ ಪಂದ್ಯಕ್ಕೆ ಬಿಡಲು ಅವನಿಗೊಂದು ಹಾಯಿದೋಣಿ ಬೇಕಾಗಿತ್ತು. ಚೆನ್ನಾಗಿ ಓಡಿದರೆ ಇನ್ನೂ ಮಾಡಿಸುತ್ತೇನೆ, ಅಲ್ಲೇ ಕೊಟ್ಟಿಗೆ ಹಾಕಿಸಿ ನಿನ್ನನ್ನು ಮೇಸ್ತ್ರಿ ಮಾಡುತ್ತೇನೆ ಎಂದ. ಸಿದ್ದರಾಜು ಕಾರ್ಖಾನೆ ಬಿಟ್ಟು ಮನೆಗೆ ಬಂದ.

ರಾತ್ರಿ ಉಣ್ಣಲು ಕೂತಾಗ ಮುದ್ದೆ ಮುರಿಯುತ್ತ ಅಜ್ಜ ಮುದ್ದಯ್ಯ ಕೇಳಿದ, “ಉಟ್ಟು ಆಕ್ದೆ, ಗಳ ಊರ್ದೆ, ಬರೀ ಗಾಳೀಲಿ ಓಡ್ತದೇನ್ಲಾ?”

“ಓಡ್ತದೆ ತಾತ. ಎದುರು ಗಾಳಿಗೂ ಓಡ್ತದೆ.”

“ಎದುರು ಗಾಳಿಗಾ! ಅಂಗಾರೆ ನಿಮ್ಮಪ್ಪನ್ನೂ ಅದ್ರಲ್ಲಿ ಕೂರ್ಸು. ಅವ್ನು ಯಾವಾಗ್ಲೂ ಎದುರು ಮಾತೇ ಆಡೋದು.”

ಪುಟ್ಟಮಾದಯ್ಯ ನಗಲಿಲ್ಲ. ಮಗನಿಗೆ ನಕ್ಷೆ ಓದಲು ಬರುತ್ತದೆ, ತನಗೆ ಬರುವುದಿಲ್ಲ ಎಂಬುದು ಅವನಿಗೆ ಮೀನಿನ ಮುಳ್ಳಿನಂತೆ ಗಂಟಲಲ್ಲಿತ್ತು.

ಶಿವರಾತ್ರಿಯ ಹೊತ್ತಿಗೆ ಕೆಲಸ ಶುರುವಾಯಿತು. ತೇಗದ ಹಲಗೆ ಬಂತು, ಹಾಯಿ ಕಟ್ಟುವ ಕೂವೆಗೆ ಸರ್ವೆಮರದ ಗಳ ಬಂತು. ದೋಣಿಯ ಒಳಗಿನ ಪಕ್ಕೆಲುಬಿನ ಪಟ್ಟಿಗಳನ್ನು ಹಬೆಯಲ್ಲಿ ಬೇಯಿಸಿ ಬಾಗಿಸಬೇಕೆಂದು ಸಿದ್ದರಾಜು ಬೆಟ್ಟಮ್ಮನ ಭತ್ತ ಬೇಯಿಸುವ ಹಂಡೆಯನ್ನೇ ಎತ್ತಿಕೊಂಡು ಹೋದ. ದಿನಗಟ್ಟಲೆ ಅಂಗಳದಲ್ಲಿ ಒಲೆ ಉರಿಯಿತು. ಬೇಸಿಗೆಗೆಂದು ಅವಳು ಒಟ್ಟಿದ್ದ ಸೌದೆ ಕರಗಿತು.

“ಮುದ್ದೆ ಬೇಯ್ಸಕ್ಕೆ ಪುಳ್ಳೆ ಇಲ್ಲ, ನಿನ್ ಮರಕ್ಕೆ ದಿನಾ ಬಿಸ್ನೀರ್ ಸ್ನಾನ! ಬಾಣಂತಿಗೂ ಇಷ್ಟು ಕಾಯ್ಸಿಲ್ಲ ಕಣ್ಲಾ ನಾನು.”

“ಇನ್ನೆರಡು ದಿನ ಕಣವ್ವ.”

“ನಿನ್ನ ಎರಡು ದಿನ ಯುಗಾದಿಗಂಟ ಬತ್ತದೆ.”

ಯುಗಾದಿಯೂ ಬಂತು, ಹೋಯಿತು. ಸೊಸೆ ರೇವಮ್ಮ ಪಡಸಾಲೆಯಲ್ಲಿ ದಪ್ಪ ಬಟ್ಟೆ ಹರವಿಕೊಂಡು ಹಾಯಿ ಹೊಲಿಯುತ್ತಿದ್ದಳು. ಸೂಜಿ ಚುಚ್ಚಿ ಅವಳ ಬೆರಳೆಲ್ಲ ತರಚಿತ್ತು. ಪಕ್ಕದ ಮನೆಯ ಪಟ್ಟಲಮ್ಮ ಬೆಂಕಿ ಕೇಳುವ ನೆಪದಲ್ಲಿ ಬಂದು ನಿಂತಳು.

“ಸಿವಪುರದಲ್ಲಿ ಸೊರಾಜ್ಯದ ಬಾವುಟ ಕಟ್ಟಿ ಜನ ಜೈಲಿಗೆ ಓದ್ರು. ನೀವು ನೋಡುದ್ರೆ ದೊರೆಗೆ ಬಾವುಟ ಒಲೀತಾ ಕೂತಿದ್ದೀರಲ್ಲೇ!”

“ಜೈಲಲ್ಲಿ ಒತ್ತೊತ್ತಿಗೆ ಮುದ್ದೆ ಕೊಡ್ತಾರಂತೆ ಕಣಮ್ಮಿ,” ಮೂಲೆಯಿಂದ ಮುದ್ದಯ್ಯ ಅಂದ. “ಕಾಲು ನೆಟ್ಟಗಿದ್ದಿದ್ರೆ ನಾನೂ ಒಂದು ಬಾವುಟ ಇಡ್ಕೊಂಡು ಓಯ್ತಿದ್ದೆ. ಈ ಮನೇಲಿ ಸೌದೆ ಮುಗ್ದೋಗದೆ.”

ಇಂಜಿನಿಯರು ಕೊಟ್ಟ ನಕ್ಷೆ ಕಡಲಿನ ದೋಣಿಯದು. ಸಿದ್ದರಾಜು ಅದನ್ನು ಹಾಗೇ ಮಾಡಲಿಲ್ಲ; ಅಗಲ ತಗ್ಗಿಸಿದ, ಮೂತಿ ಚೂಪು ಮಾಡಿದ. ಬೂರುಗದ ಮರದಲ್ಲಿ ಮೊಳದುದ್ದದ ಪುಟ್ಟ ದೋಣಿ ಕೆತ್ತಿ, ದನ ನೀರು ಕುಡಿಯುವ ಕಲ್ಲುಬಾನಿಯಲ್ಲಿ ತೇಲಿಬಿಟ್ಟು, ತಿದ್ದಿ ತಿದ್ದಿ ನೋಡಿದ. ಒಂದು ದಿನ ಮನೆಯವರನ್ನೆಲ್ಲ ಕರೆದ. ರೇವಮ್ಮನ ಕೈಗೆ ಮೊರ ಕೊಟ್ಟು ಗಾಳಿ ಹಾಕೆಂದ. ಪುಟ್ಟ ದೋಣಿಯ ತಳದ ನಡುವೆ ಒಂದು ಸೀಳು. ಅದರಲ್ಲಿ ತಗಡಿನ ಚೂರೊಂದು ನೀರಿಗೆ ಇಳಿಬಿದ್ದಿತ್ತು. ಮೊರದ ಗಾಳಿಗೆ ದೋಣಿ ಓರೆಯಾಗಿ, ಗಾಳಿ ಬಂದ ಕಡೆಗೇ ನುಸುಳಿಕೊಂಡು ಹೋಗಿ ಬಾನಿಯ ಆಚೆ ಮೂಲೆ ಮುಟ್ಟಿತು.

“ಈಗ ನೋಡಿ.” ತಗಡು ಕಿತ್ತು ಬಿಟ್ಟ. ರೇವಮ್ಮ ಮೊರ ಬೀಸಿದಳು. ದೋಣಿ ಮುಂದೆ ಹೋಗಲೇ ಇಲ್ಲ. ಅಡ್ಡಡ್ಡ ಜಾರಿ ಬಾನಿಯ ಗೋಡೆಗೆ ಬಡಿಯಿತು.

“ಏಡಿ ಓದಂಗೆ ಓಯ್ತಲ್ಲಾ!” ಮುದ್ದಯ್ಯ ಬೊಚ್ಚುಬಾಯಿ ತೆರೆದು ನಕ್ಕ.

“ಅದೇ ತಾತ. ಅಲಗು ನೀರಲ್ಲಿ ಇಳ್ದಿದ್ರೇನೇ ಅದು ಮಾತು ಕೇಳೋದು. ದೊಡ್ಡದಕ್ಕೆ ಕಬ್ಬಿಣದ್ದು ಮಾಡುಸ್ತೀನಿ. ದಡದಲ್ಲಿ ಮೇಲಕ್ಕೆ ಎಳ್ಕೊಳೋದು, ಆಳದಲ್ಲಿ ಇಳ್ಸೋದು.”

ಬೆಟ್ಟಮ್ಮ ಅದಾವುದನ್ನೂ ನೋಡಲಿಲ್ಲ. ಅವಳು ನೋಡಿದ್ದು ಪುಟ್ಟ ದೋಣಿಯ ತಳದ ಸೀಳನ್ನು. “ದೊಡ್ಡದಕ್ಕೂ ಇಂಗೇ ತಳ ಕುಯ್ತೀಯಾ?” ಎಂದು ಕೇಳಿದಳು.

“ಕುಯ್ಯಲೇಬೇಕಲ್ಲವ್ವ.”

ಅವಳು ಗಂಡನ ಮುಖ ನೋಡಿದಳು. ಪುಟ್ಟಮಾದಯ್ಯ ಬೀಡಿ ಹಚ್ಚುವವನಂತೆ ಆಚೆ ತಿರುಗಿದ.

ದೋಣಿ ಮುಗಿಯಿತು. ಅಂಥದ್ದನ್ನು ಆ ದಂಡೆಯಲ್ಲಿ ಯಾರೂ ಕಂಡಿರಲಿಲ್ಲ. ಹಾರಲು ಕಾಲು ಮಡಿಚಿದ ಕೊಕ್ಕರೆಯ ಹಾಗಿತ್ತು. ಜನ ಬಂದು ಮುಟ್ಟಿ ಹೋದರು. ಮೂವತ್ತು ವರ್ಷ ದೋಣಿ ಮಾಡಿದ ಪುಟ್ಟಮಾದಯ್ಯನೂ ಯಾರೂ ಇಲ್ಲದಾಗ ಅದರ ಮೈಮೇಲೆ ಅಂಗೈ ಆಡಿಸಿ ನೋಡಿದ.

ಕೊಡ ಹೊಯ್ಯುವ ದಿನ ಬೆಟ್ಟಮ್ಮ ತಲೆಗೆ ಮಿಂದು ಬಂದಳು. ದೋಣಿಯ ನಡುವೆ, ಸೀಳಿನ ಸುತ್ತ, ಮೊಣಕಾಲೆತ್ತರದ ಉದ್ದನೆ ಪೆಟ್ಟಿಗೆಯಿತ್ತು. ಮೇಲೆ ಬಾಯಿ ತೆರೆದಿತ್ತು. ಅವಳು ಬೇರೆ ಕಡೆ ಹೊಯ್ಯಲಿಲ್ಲ. ಮೊದಲ ಕೊಡವನ್ನೇ ಆ ಪೆಟ್ಟಿಗೆಗೆ ಬಗ್ಗಿಸಿದಳು. ನೀರು ನಿಲ್ಲದೆ ಧೋ ಎಂದು ಕೆಳಗೆ ಬಿದ್ದು ಅವಳ ಪಾದ ನೆನೆಸಿತು.

“ಅವ್ವ, ಅಲ್ಲಿಗೆ ಉಯ್ದ್ರೆ ಬೀಳ್ದೆ ಇನ್ನೇನು? ಆ ಪೆಟ್ಗೆ ಇರೋದೇ ಅದುಕ್ಕೆ. ಒಳೆ ನೀರು ಪೆಟ್ಗೆ ಒಳೀಕೆ ಒಂದಷ್ಟು ಬತ್ತದೆ, ಆಮೇಲೆ ನಿಂತ್ಕತ್ತದೆ. ಮ್ಯಾಕ್ಕೆ ಬರಾಕಿಲ್ಲ.”

“ನಿಂತ್ಕೊ ಅಂತ ಒಳೆಗೆ ಏಳಿ ಬಂದಿದ್ದೀಯಾ?”

“ಅವ್ವಾ...”

“ನಿಮ್ಮಣ್ಣ ಕೂತಿದ್ದ ದೋಣೀಲಿ ಒಂದು ಬೆರಳಗಲ ಸಂದಿ ಇತ್ತು ಕಣ್ಲಾ. ಬೆರಳಗಲ! ಇದು ಮೊಳಗಟ್ಲೆ ಅದೆ. ನಾನು ಇದುಕ್ಕೆ ಕುಂಕುಮ ಇಡಾಕಿಲ್ಲ.”

“ಇಡ್ಬೇಡ ಬುಡು! ಕುಂಕುಮಕ್ಕಾ ದೋಣಿ ಓಡೋದು?” ಸಿದ್ದರಾಜು ಕೂಗಿದ. “ನಾಲ್ಕು ತಿಂಗ್ಳಿಂದ ದುಡೀತಿದ್ದೀನಿ. ಈ ಮನೇಲಿ ಒಬ್ರಾದ್ರೂ ನನ್ ಕೆಲ್ಸ ನಂಬ್ತೀರಾ?”

ಅಂದು ರಾತ್ರಿ ಬಸ್ಸಾರು ಮಾಡಿ ಎಲ್ಲರಿಗೂ ಬಡಿಸಿದ ಬೆಟ್ಟಮ್ಮ ತಾನು ಉಣ್ಣಲಿಲ್ಲ. ಮಾರನೆಯ ದಿನವೂ ಉಣ್ಣಲಿಲ್ಲ. “ಅತ್ತೆ, ಒಂದು ತುತ್ತು,” ಎಂದು ರೇವಮ್ಮ ತಟ್ಟೆ ತಂದರೆ, “ಅವ್ನು ಒಳೆಗೆ ಇಳಿಯೋ ದಿನ ಉಣ್ತೀನಿ ಬುಡವ್ವ, ಒಟ್ಗೇ,” ಎಂದು ತಟ್ಟೆ ತಳ್ಳಿದಳು.

ಕಬ್ಬಿಣದ ಅಲಗನ್ನು ಮಂಡ್ಯದ ಕಮ್ಮಾರನೊಬ್ಬ ಮಾಡಿಟ್ಟಿದ್ದ. ಅದನ್ನು ತರಲು ಸಿದ್ದರಾಜು ಹೊರಟ. ದಾರಿಯಲ್ಲಿ ಬೆಸಗರಹಳ್ಳಿಯ ತವರಲ್ಲಿ ರೇವಮ್ಮನನ್ನು ಬಿಟ್ಟು, ಬರುವಾಗ ಕರೆದುಕೊಂಡು ಬರುವುದೆಂದಾಯಿತು. ಹೊರಡುವಾಗ ಅಪ್ಪನಿಗೆ ಹೇಳಿದ: “ದೋಣಿ ಮಗುಚಿ ಆಕಿ ತಳಕ್ಕೆ ಕಡೇ ಸಲ ರಾಳ ಬಳ್ದುಬುಡಪ್ಪ. ನಿನ್ನಷ್ಟು ಚೆಂದಾಗಿ ನಂಗೆ ಬರಾಕಿಲ್ಲ.”

ಬಸ್ಸಿನ ಧೂಳು ಅಡಗುವ ಮೊದಲೇ ಬೆಟ್ಟಮ್ಮ ಗಂಡನ ಮುಂದೆ ಬಂದು ನಿಂತಳು.

“ನೆಪ್ಪೈತಾ?”

“ಏನು?”

“ಒಳೇಲಿ ನಿಂತ್ಕೊಂಡು ಏಳಿದ್ದು.”

ಪುಟ್ಟಮಾದಯ್ಯ ಉಳಿಯ ಬಾಯನ್ನು ಹೆಬ್ಬೆರಳಲ್ಲಿ ಸವರುತ್ತ ಕೂತ. “ಅವ್ನು ಓದ್ಕೊಂಡು ಮಾಡವ್ನೆ ಕಣಮ್ಮಿ. ದೊರೇನೂ ಒಪ್ಪವ್ನೆ.”

“ಮಗ ಮುಳುಗೋದ್ರೆ ದೊರೆ ಎತ್ಕೊಡ್ತಾನಾ? ಒಬ್ಬನ್ನ ಮಣ್ಣು ಮಾಡಿದ್ದಾಯ್ತು. ನಿನ್ ಕೈ ಮುಗೀತೀನಿ. ನಿನ್ ಕಾಲಿಗೆ ಬೀಳ್ತೀನಿ.” ಅವಳು ನಿಜವಾಗಿ ಬಿದ್ದಳು. ಮದುವೆಯ ದಿನ ಬಿಟ್ಟರೆ ಅವಳು ಅವನ ಕಾಲು ಮುಟ್ಟಿದ್ದು ಅದೇ ಮೊದಲು.

“ಏಳು, ಏಳು. ಥೂ, ಏಳಮ್ಮಿ.” ಅವನು ದೋಣಿಯ ಕಡೆ ತಿರುಗಿದ. “ನಮ್ಮಪ್ಪ ಮಾಡ್ದ, ನಾನು ಮಾಡ್ದೆ. ಯಾವ ದೋಣಿಗಿತ್ತು ಅಲಗು? ಉಟ್ಟು ಆಕಂಡು ಓಗಿ ಬರ್ಲಿಲ್ವಾ? ಅದು ಕೆಳಕ್ಕೆ ಇಳೀದಿದ್ರೆ ಉಟ್ಟು ಆಕ್ತಾನೆ. ಒಂದಿನ ಬೈತಾನೆ, ಬೈಲಿ.”

ತೇಗದ ರೀಪು ಕೆತ್ತಿ ಸೀಳಿಗೆ ಬಡಿದ. ಬೆಟ್ಟಮ್ಮ ದೀಪದ ಬತ್ತಿಗೆಂದು ಇಟ್ಟಿದ್ದ ಹತ್ತಿಯನ್ನೆಲ್ಲ ತಂದು, ರಾಳ ಮತ್ತು ಎಣ್ಣೆ ಕಾಯಿಸಿ, ಅದ್ದಿ ಅದ್ದಿ ಕೊಟ್ಟಳು. ಅವನು ಸಂದಿಗೆಲ್ಲ ತುಂಬಿ, ಮೇಲೊಂದು ತೆಳು ಹಲಗೆ ಮೊಳೆ ಹೊಡೆದು, ಇಡೀ ತಳಕ್ಕೆ ಕರ್ರಗೆ ಬಳಿದ. ಆಮೇಲೆ ಎಲ್ಲಿ ಸೀಳಿತ್ತೆಂದು ಅವನಿಗೇ ಹುಡುಕಬೇಕಾಯಿತು. ಅಷ್ಟು ಚೆನ್ನಾಗಿ ಮಾಡಿದ್ದ.

ನಾಲ್ವರನ್ನು ಕರೆದು ದೋಣಿ ಎತ್ತಿ ಕೂರಿಸಿದ ಮೇಲೆ ಬೆಟ್ಟಮ್ಮ ಕೊಡ ಹೊಯ್ದಳು. ಮೊದಲು ಪೆಟ್ಟಿಗೆಗೆ, ಆಮೇಲೆ ಉದ್ದಕ್ಕೂ. ಪುಟ್ಟಮಾದಯ್ಯ ಕೆಳಗೆ ಮಲಗಿ ನೋಡಿದ.

“ಬಿತ್ತಾ?”

“ಇಲ್ಲ.”

“ಸರ್ಯಾಗಿ ನೋಡು.”

“ನೆಲ ಒಣಗೇ ಅದೆ ಕಣಮ್ಮಿ.”

ಬೆಟ್ಟಮ್ಮ ಒಳಗೆ ಓಡಿ ಕುಂಕುಮದ ಭರಣಿ ತಂದಳು. ಮೂತಿಗೆ ಅಂಗೈಯಗಲ ಇಟ್ಟಳು. ಅಂದು ಅವಳು ಎರಡು ಮುದ್ದೆ ಉಂಡಳು. ದೋಣಿಯೊಳಗಿನ ನೀರನ್ನು ತೋಡಿ ಚೆಲ್ಲಿ, ಹೊಳೆಯ ಅಂಚಿಗೆ ಒಯ್ದು, ಮೈ ನೀರಲ್ಲಿ ತೇಲುವಂತೆ ಇಳಿಸಿ, ಮೂತಿಯನ್ನು ಮರಳಿಗೆ ತಾಗಿಸಿ ನಿಲ್ಲಿಸಿದರು. ಪೆಟ್ಟಿಗೆಯೊಳಗಿನ ನೀರು ಮಾತ್ರ ಹಾಗೇ ಉಳಿಯಿತು. ಅದರ ಬಾಯಿ ಕಿರಿದು, ತಂಬಿಗೆ ಹಿಡಿಸಲಿಲ್ಲ.

ಸಿದ್ದರಾಜು ಹೆಂಡತಿಯೊಂದಿಗೆ ಬಂದವನು ಅಲಗನ್ನು ಹೆಗಲಿಂದ ಇಳಿಸದೆಯೇ ಸೀದಾ ದಡಕ್ಕೆ ಹೋದ. ಬೆಟ್ಟಮ್ಮ ಹಿಂದೆಯೇ ಹೋದಳು. ಅವನು ಪೆಟ್ಟಿಗೆಗೆ ಬಗ್ಗಿ ನೋಡಿ ಕೈಯದ್ದಿದ.

“ನೋಡವ್ವ, ಒಳೆ ನೀರು ಬಂದದೆ. ಎಲ್ಲೀಗಂಟ ಬಂದದೆ ನೋಡು! ಅಲ್ಲೇ ನಿಂತದೆ. ನಾನ್ ಏಳಿರ್ಲಿಲ್ವಾ?”

ಅದು ಹೊಳೆಯ ನೀರಲ್ಲ, ತಾನು ಹೊಯ್ದ ಕೊಡದ ನೀರು ಎಂದು ಅವಳಿಗೆ ಗೊತ್ತಿತ್ತು. ಮಾತು ನಾಲಿಗೆ ತುದಿಗೆ ಬಂತು.

ಅಷ್ಟರಲ್ಲಿ ಅವನು ಮೂತಿಯ ಕುಂಕುಮ ಕಂಡ. ಚಿಕ್ಕ ಹುಡುಗನ ಹಾಗೆ ಅವನ ಮುಖ ಅರಳಿತು. “ಇಟ್ಟಿದ್ದೀಯಾ? ಅವ್ವ, ನೀನು ಇಟ್ಟೇಬುಟ್ಯಾ!”

ನಾಲಿಗೆ ತುದಿಗೆ ಬಂದದ್ದು ಒಳಗೆ ಹೋಯಿತು. “ಉಣ್ಣುವಂತೆ ಬಾ. ಮೀನ್ ಸಾರು ಮಾಡಿವ್ನಿ,” ಅಂದಳು.

ಮಾರನೆಯ ದಿನ ಜ್ಯೇಷ್ಠದ ಗಾಳಿ ಮೊದಲ ಸಲ ಜೋರಾಗಿ ಎದ್ದಿತ್ತು. ಇಂಜಿನಿಯರು ಬರುವುದು ಮುಂದಿನ ವಾರ. ಅದಕ್ಕೆ ಮೊದಲು ಒಮ್ಮೆ ಓಡಿಸಿ ನೋಡಬೇಕೆಂದು ಸಿದ್ದರಾಜು ಬೆಳಿಗ್ಗೆಯೇ ಹೊರಟ. ಊರ ಮುಂದೆ ಹೊಳೆ ಕೆರೆಯಂತೆ ಹರಡಿ ನಿಂತಿತ್ತು, ಕೆಳಗಡೆ ಹೊಳೆಗೆ ಅಡ್ಡ ಕಟ್ಟಿದ ಕಟ್ಟೆ ಇದ್ದುದರಿಂದ. ಕಟ್ಟೆ ಹಾಯ್ದು ನೀರು ಬೀಳುವ ಆಚೆ ಕಡೆ ಬರೀ ಬಂಡೆ. ಗಾಳಿ ಪಡುವಣದಿಂದ ಕಟ್ಟೆಯ ಕಡೆಗೇ ಬೀಸುತ್ತಿತ್ತು.

“ಗಾಳಿ ಜೋರದೆ ಕಣ್ಲಾ,” ಪುಟ್ಟಮಾದಯ್ಯ ಅಂದ.

“ಜೋರಿದ್ರೇನೇ ಗೊತ್ತಾಗೋದು. ಕಟ್ಟೆ ಕಡೀಕೆ ಒಸಿ ದೂರ ಓಗಿ, ಅಲ್ಲಿಂದ ಎದುರು ಗಾಳಿಗೆ ತಿರುಕ್ಕೊಂಡು ಬತ್ತೀನಿ. ನೋಡ್ತಿರು.”

ಅಲಗನ್ನು ಪೆಟ್ಟಿಗೆಗೆ ಇಳಿಸಿ, ಅರ್ಧಕ್ಕೆ ಗೂಟ ಸಿಕ್ಕಿಸಿ ಮೇಲೆ ನಿಲ್ಲಿಸಿದ. ಪುಟ್ಟಮಾದಯ್ಯ ಹಳೆಯ ಹುಟ್ಟೊಂದನ್ನು ತಂದು ದೋಣಿಯೊಳಗೆ ಇಟ್ಟ. ಸಿದ್ದರಾಜು ಅದನ್ನು ತೆಗೆದು ಮರಳ ಮೇಲೆ ಹಾಕಿದ.

“ಬ್ಯಾಡ ಕಣಪ್ಪ. ಪಂದ್ಯದ ದೋಣಿಗೆ ಉಟ್ಟು ಇಟ್ಕೊಂಡ್ರೆ ನಗ್ತಾರೆ.”

“ತಗಂಡೋಗು ಅಂದ್ನಲ್ಲ!”

“ನಿನ್ ರಾಳದ ಕೆಲ್ಸ ನಾನು ನಂಬ್ಲಿಲ್ವಾ? ನನ್ ಕೆಲ್ಸ ನೀನೂ ಒಸಿ ನಂಬಪ್ಪ.”

ಬೆಟ್ಟಮ್ಮ ಗಂಡನನ್ನು ನೋಡಿದಳು, ಗಂಡ ಅವಳನ್ನು ನೋಡಿದ. ಇಬ್ಬರೂ ಇನ್ನೊಬ್ಬರು ಹೇಳಲಿ ಎಂದು ಕಾದರು. ದೋಣಿ ದಡ ಬಿಟ್ಟಿತು.

ಹಾಯಿ ಏರಿದಾಗ ದಂಡೆಯಲ್ಲಿ ನಿಂತವರೆಲ್ಲ ಕೇಕೆ ಹಾಕಿದರು. ರೇವಮ್ಮ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಗಾಳಿಯ ಜೊತೆ ಹೋಗುವಾಗ ದೋಣಿ ನಿಜಕ್ಕೂ ಹಾರಿತು. ಆಳಕ್ಕೆ ಹೋದ ಮೇಲೆ ಸಿದ್ದರಾಜು ಗೂಟ ಕಿತ್ತ. ಹಾಯಿಯ ಹಗ್ಗ ಬಿಗಿದು ತಿರುಗಿಸಿದ. ಮೂತಿ ತಿರುಗಿತು. ಆದರೆ ದೋಣಿ ಇತ್ತ ಬರಲಿಲ್ಲ.

“ಯಾಕ್ಲಾ?” ದಂಡೆಯ ಮೇಲೆ ಕೋಲೂರಿ ಕೂತಿದ್ದ ಮುದ್ದಯ್ಯ ಕಣ್ಣಿಗೆ ಕೈ ಮರೆಮಾಡಿದ. “ಏಡಿ ಓದಂಗೆ ಓಯ್ತಾ ಅದೆಯಲ್ಲಾ. ಅಲಗು ಇಳ್ಸಿಲ್ವಾ ಇವ್ನು?”

ಬೆಟ್ಟಮ್ಮನಿಗೆ ಕಲ್ಲುಬಾನಿ ಕಣ್ಣಮುಂದೆ ಬಂತು. ಮೊರದ ಗಾಳಿ, ಪುಟ್ಟ ದೋಣಿ, ಗೋಡೆಗೆ ಬಡಿದ ಸದ್ದು. ಅಂದು ನೋಡದೆ ಬಿಟ್ಟದ್ದೆಲ್ಲ ಈಗ ಕಂಡಿತು.

ನೀರ ಮೇಲಿಂದ ಸಿದ್ದರಾಜುವಿನ ಕೂಗು ಕೇಳಿಸಿತು. “ಅಪ್ಪಾ! ಅಲಗು ಇಳೀತಿಲ್ಲ! ಎಲ್ಲೋ ಕಚ್ಕೊಂಡದೆ!”

ಅವನು ಕೊಡತಿ ತೆಗೆದುಕೊಂಡು ಅಲಗಿನ ತಲೆಗೆ ಹೊಡೆಯತೊಡಗಿದ. ಹೊಡೆತ ದಂಡೆಯವರೆಗೂ ಕೇಳಿಸುತ್ತಿತ್ತು.

“ಒಡೀಬ್ಯಾಡ್ಲಾ! ಬುಟ್ಬುಡು, ಆರು! ನೀರಿಗೆ ಆರ್ಲಾ!” ಪುಟ್ಟಮಾದಯ್ಯ ಎದೆಮಟ್ಟದ ನೀರಿಗೆ ನುಗ್ಗಿದ. “ನಾನೇ ಮುಚ್ಚಿವ್ನಿ ಕಣ್ಲಾ! ನಾನೇ ಮುಚ್ಚಿವ್ನಿ!”

ಹಾಯಿಯ ಬಡಿತದಲ್ಲಿ, ಕೊಡತಿಯ ಸದ್ದಿನಲ್ಲಿ ಆ ಮಾತು ಅಲ್ಲಿಗೆ ಮುಟ್ಟಿತೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಸಿದ್ದರಾಜು ಈಜು ಬಲ್ಲವನು. ಅಲ್ಲಿಂದ ದಡ ಸೇರುವುದು ಅವನಿಗೊಂದು ದೊಡ್ಡದಲ್ಲ. ಆದರೆ ಅವನು ದೋಣಿ ಬಿಡಲಿಲ್ಲ. ತಾನು ಅಳೆದು ಕೊಯ್ದ ಸೀಳು ಎಲ್ಲೋ ಒಂದು ಕೂದಲಷ್ಟು ತಪ್ಪಿದೆ, ಇನ್ನೊಂದು ಏಟಿಗೆ ಇಳಿಯುತ್ತದೆ ಎಂಬಂತೆ ಹೊಡೆಯುತ್ತಲೇ ಇದ್ದ. ಕಟ್ಟೆಯ ಅಂಚಿನಲ್ಲಿ ದೋಣಿ ಅಡ್ಡಲಾಗಿ ಒಂದು ಗಳಿಗೆ ನಿಂತಿತು. ಹಾಯಿ ಅವನ ಮೇಲೆ ಬಿತ್ತು. ಆಮೇಲೆ ಕಟ್ಟೆಯ ಮೇಲೆ ಏನೂ ಇರಲಿಲ್ಲ.

ಅವನು ಸಿಕ್ಕಿದ್ದು ಮಾರನೆಯ ದಿನ, ಹಾಯಿಬಟ್ಟೆ ಸುತ್ತಿಕೊಂಡು, ಬಂಡೆಗಳ ನಡುವೆ. ರೇವಮ್ಮ ಹಾಕಿದ ಹೊಲಿಗೆ ಒಂದೂ ಬಿಟ್ಟಿರಲಿಲ್ಲ.

ದೋಣಿ ಆಚೆಯ ಮಡುವಿನಲ್ಲಿ ಬೋರಲು ಬಿದ್ದಿತ್ತು. ಕೂವೆ ಮುರಿದಿತ್ತು, ಮೂತಿ ಒಡೆದಿತ್ತು. ತಿಥಿಯ ನಂತರ ಇಂಜಿನಿಯರು ಬಂದು ನೋಡಿದ. ತಳದ ಮೇಲೆ ಕೈಯಾಡಿಸಿ, ನಿಂತು, ಮತ್ತೆ ಆಡಿಸಿ, ಇದನ್ನು ಮುಚ್ಚಿದವರು ಯಾರು ಎಂದು ಜೊತೆಗೆ ಬಂದಿದ್ದ ಅಮಲ್ದಾರರ ಕಡೆಯವನಿಂದ ಕೇಳಿಸಿದ. ಪುಟ್ಟಮಾದಯ್ಯ ಕೈ ಎತ್ತಿದ, ಶಾಲೆಯಲ್ಲಿ ಹುಡುಗರು ಎತ್ತುವ ಹಾಗೆ. ಆ ಮನುಷ್ಯ ಟೋಪಿ ತೆಗೆದು ಹಿಡಿದುಕೊಂಡು ಹೋದ.

ಅಂದು ಒಲೆ ಹಚ್ಚಿದ್ದು ರೇವಮ್ಮ. ಹಿಟ್ಟು ತಿರುವುತ್ತಿದ್ದವಳು ತಿರುವುವುದನ್ನು ನಿಲ್ಲಿಸಿದಳು.

“ಅತ್ತೆ, ನಾನು ತವರಲ್ಲಿದ್ದಾಗ ಕೊಡ ಉಯ್ದ್ರಲ್ಲ. ಆವಾಗ ನೀರು ಕೆಳಕ್ಕೆ ಬಿತ್ತಾ?”

“ಇಲ್ಲ ಕಣವ್ವ.”

“ಒಂದು ಅನಿನೂ?”

“ಒಂದು ಅನಿನೂ ಬೀಳ್ಲಿಲ್ಲ.”

ರೇವಮ್ಮ ಹಿಟ್ಟಿನ ಕೋಲನ್ನು ಹಾಗೇ ಮಡಕೆಯಲ್ಲಿ ಬಿಟ್ಟು ಎದ್ದು ಹೋದಳು. ಹಿಟ್ಟು ತಳ ಹಿಡಿಯಿತು. ಮುದ್ದಯ್ಯ ಮೂಲೆಯಿಂದ “ಸೀದೋಯ್ತಾ ಅದೆ, ಯಾರಾದ್ರೂ ನೋಡ್ರಲಾ,” ಎಂದು ಎರಡು ಸಲ ಹೇಳಿದ. ಬೆಟ್ಟಮ್ಮ ಕೂತಲ್ಲಿಂದ ಏಳಲಿಲ್ಲ.

ದೋಣಿಯ ತಳದಲ್ಲಿ ತೂತಿರಲಿಲ್ಲ. ಪುಟ್ಟಮಾದಯ್ಯ ಹೆಂಡತಿಗೆ ಕೊಟ್ಟ ಮಾತು ನಡೆಸಿದ್ದ.